ಸೀಟಿನ ಎತ್ತರ ಮತ್ತು ನಲವತ್ತೇಳು ಬಣ್ಣ

ರಿಪೇರಿಗೆ ಕೊಟ್ಟ ಸೈಕಲ್ಲನ್ನು ವಾಪಸು ತರುವಾಗಲೆಲ್ಲ ಅದರ ಸೀಟು ಎರಡು ಬೆರಳಷ್ಟು ಕೆಳಗಿಳಿದಿರುತ್ತದೆ ಎಂಬುದನ್ನು ನೀವೂ ಗಮನಿಸಿರಬಹುದು. ಚಳ್ಳಕೆರೆಯ ಮಾರ್ಕೆಟ್ ಯಾರ್ಡಿನ ಎದುರು ಸೈಕಲ್ ಷಾಪು ಇಟ್ಟಿರುವ ಮೆಹಬೂಬ್ ಸಾಬರು ಕುಳ್ಳಗಿನ ಮನುಷ್ಯ. ಸರಿಪಡಿಸಿದ ಸೈಕಲ್ಲನ್ನು ತಾವೇ ಹತ್ತಿ ಒಂದು ಸುತ್ತು ಹೊಡೆಯದ ಹೊರತು ಅವರು ಯಾರ ಕೈಗೂ ಕೊಡುವವರಲ್ಲ; ಹತ್ತಬೇಕಾದರೆ ಸೀಟು ಇಳಿಸಬೇಕು; ಇಳಿಸಿದ್ದನ್ನು ಮತ್ತೆ ಏರಿಸಬೇಕೆಂಬುದು ಮಾತ್ರ ಅವರ ಕಾರ್ಯಕ್ರಮದಲ್ಲಿ ಇಲ್ಲ. ಬೇರಿಂಗು ಬೆಣ್ಣೆಯಂತೆ ತಿರುಗುತ್ತದೆ, ಬ್ರೇಕು ಹಿಡಿದಲ್ಲಿ ನಿಲ್ಲುತ್ತದೆ, ಚೈನಿನ ಗೊಣಗಾಟ ಮಾಯವಾಗಿರುತ್ತದೆ. ಆದರೆ ಮನೆ ಮುಟ್ಟುವುದರೊಳಗೆ ಉದ್ದಕಾಲಿನವನಾದ ನನ್ನ ಮೊಣಕಾಲು ನಾಲ್ಕು ಸಲ ಹ್ಯಾಂಡಲ್ಲಿಗೆ ಬಡಿದಿರುತ್ತದೆ. ಅಷ್ಟು ದೊಡ್ಡ ಉಪಕಾರದ ನಡುವೆ ಇಷ್ಟು ಸಣ್ಣ ಅಪಕಾರವನ್ನು ಎತ್ತಿ ಆಡುವುದು ಹೇಗೆಂದು ನಾನು ವರ್ಷಗಟ್ಟಲೆ ಸುಮ್ಮನಿದ್ದೆ. ಸುಮ್ಮನಿದ್ದುದಕ್ಕೆ ಇನ್ನೊಂದು ಕಾರಣವೂ ಉಂಟು. ಇದೇ ಅಪರಾಧವನ್ನು ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿ ನಾನೂ ಎಸಗಿದ್ದೇನೆ, ಅದೂ ಎರಡು ಸಲ.

ಮೊದಲನೆಯದು ನಡೆದಾಗ ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಸಂದರ್ಭ ಸಿಕ್ಕಲ್ಲೆಲ್ಲ ಇದನ್ನು ಹೇಳುವ ಚಾಳಿ ನನಗಿದೆ, ಸಂದರ್ಭ ಸಿಗದಿದ್ದರೆ ಒದಗಿಸಿಕೊಳ್ಳುವ ಚಾಳಿಯೂ ಇದೆ. ಅಪ್ಪ ಶೇಂಗಾ ಎಣ್ಣೆಯ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ಅವನ ಅಂಗಿಯ ಹಿಂಡಿಯ ವಾಸನೆಯಲ್ಲೇ ನಾನು ರಸಾಯನಶಾಸ್ತ್ರ ಓದಿದ್ದು, ಆ ವಾಸನೆಯಲ್ಲೇ ಗಣಿತ ಬಿಡಿಸಿದ್ದು. ಹಾಗಾಗಿ ನನ್ನ ಪದವಿಯಲ್ಲಿ ಸ್ವಲ್ಪ ಎಣ್ಣೆಯ ಜಿಡ್ಡಿದೆ, ಅದಕ್ಕೆ ನನಗೆ ನಾಚಿಕೆಯಿಲ್ಲ.

ಆ ವರ್ಷ ಯುಗಾದಿಗೆ ಮೂರು ದಿನ ಮುಂಚೆ ಅವ್ವ ಬಟ್ಟೆ ಒಗೆಯಲು ಹೋಗಿದ್ದಳು. ಅವಳು ಬರುವುದರೊಳಗೆ ಅಡಿಗೆಮನೆಗೆ ಸುಣ್ಣ ಬಳಿದು ಬೆರಗುಗೊಳಿಸಬೇಕೆಂದು ಹೊರಟ ನಾನು, ಗೋಡೆಯ ಬುಡದಲ್ಲಿದ್ದ ಏಳೆಂಟು ಇದ್ದಿಲಿನ ಗೆರೆಗಳನ್ನು ಮೊದಲು ಒದ್ದೆ ಬಟ್ಟೆಯಿಂದ ತಿಕ್ಕಿ ತೆಗೆದು, ಆಮೇಲೆ ಎರಡು ಕೈ ಸುಣ್ಣ ಹೊಡೆದೆ. ಅವ್ವ ಬಂದಳು. ಹಾಲಿನಂಥ ಗೋಡೆ ನೋಡಿ ಅವಳ ಮುಖ ಅರಳಿತು. ಅರಳಿದ ಮುಖ ಗೋಡೆಯ ಬುಡಕ್ಕೆ ಇಳಿದಾಗ ಹಾಗೆಯೇ ನಿಂತಿತು.

“ಗೋಡಿ ಚಂದ ಮಾಡೀಯಪ್ಪ,” ಎಂದಳು. “ನನ್ನ ಗಡಿಯಾರ ಎಲ್ಲಿ?”

ಆಗ ತಿಳಿಯಿತು. ಮಾಳಿಗೆಯ ಗವಾಕ್ಷಿಯಿಂದ ಬೀಳುವ ಬಿಸಿಲಿನ ತುಂಡು ಗೋಡೆಯ ಮೇಲೆ ಇಳಿಯುತ್ತ ಇಳಿಯುತ್ತ ಒಂದು ಗೆರೆ ಮುಟ್ಟಿದರೆ ಅಪ್ಪನ ಬುತ್ತಿ ಹಿಡಿದು ಮಿಲ್ಲಿನ ಕಡೆ ಹೊರಡುವ ಹೊತ್ತಾಯಿತೆಂದು ಲೆಕ್ಕ. ಸೂರ್ಯ ವರ್ಷವಿಡೀ ಒಂದೇ ದಾರಿಯಲ್ಲಿ ನಡೆಯುವವನಲ್ಲವಾದ್ದರಿಂದ ದೀಪಾವಳಿಗೊಂದು ಗೆರೆ, ಸಂಕ್ರಾಂತಿಗೊಂದು, ಶಿವರಾತ್ರಿಗೊಂದು. ಅಕ್ಷರ ಬಾರದ ಹೆಂಗಸೊಬ್ಬಳು ವರ್ಷಗಳ ಕಾಲ ನೋಡಿ, ತಿದ್ದಿ, ಮತ್ತೆ ನೋಡಿ ಕೂಡಿಸಿದ್ದ ಖಗೋಳಶಾಸ್ತ್ರವನ್ನು ವಿಜ್ಞಾನದ ವಿದ್ಯಾರ್ಥಿಯೊಬ್ಬ ಅರ್ಧ ಗಂಟೆಯಲ್ಲಿ ಅಳಿಸಿದ್ದ. ಮರುದಿನ ಬುತ್ತಿ ತಡವಾಗಿ, ಅಪ್ಪ ನೀರು ಕುಡಿದು ಯಂತ್ರದ ಮುಂದೆ ನಿಂತನಂತೆ. ಪ್ರಾಯಶ್ಚಿತ್ತವಾಗಿ ನಾನು ವಿದ್ಯಾರ್ಥಿವೇತನದಲ್ಲಿ ಒಂದು ಗೋಡೆ ಗಡಿಯಾರ ತಂದು ಹಾಕಿದೆ. ಅದರ ಮುಳ್ಳು ನೋಡಿ ಹೊತ್ತು ಹೇಳಲು ಅವ್ವನಿಗೆ ಬರುತ್ತಿರಲಿಲ್ಲ. ಅವಳು ಮತ್ತೆ ಇದ್ದಿಲು ಹಿಡಿದು ಕೂತು, ಗೆರೆಗಳೆಲ್ಲ ಕೂಡಿ ಬರುವಷ್ಟರಲ್ಲಿ ಇನ್ನೊಂದು ಯುಗಾದಿ ಬಂದಿತ್ತು. ಆಮೇಲಿನ ಪ್ರತಿ ಸುಣ್ಣದಲ್ಲೂ ಆ ಗೋಡೆಯ ಬುಡದ ಒಂದು ಮೊಳ ಜಾಗವನ್ನು ಅವಳು ಎದುರು ನಿಂತು ಬಿಡಿಸುತ್ತಿದ್ದಳು.

ಇಷ್ಟಾದ ಮೇಲೆ ಬುದ್ಧಿ ಬಂದಿರಬೇಕು ಎಂದು ನೀವು ಭಾವಿಸಿದರೆ ಪದವೀಧರರ ಬಗ್ಗೆ ನಿಮಗಿರುವ ಗೌರವಕ್ಕೆ ನಾನು ಋಣಿ.

ಪದವಿಯ ಮೇಲೊಂದು ಕಂಪ್ಯೂಟರ್ ಡಿಪ್ಲೊಮಾ ಕಟ್ಟಿಕೊಂಡು, ಚಳ್ಳಕೆರೆಯಲ್ಲೇ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ನಾನು ತಂತ್ರಾಂಶ ಬರೆಯುವ ಕೆಲಸ ಶುರು ಮಾಡಿದೆ. ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ಮೊಳಕಾಲ್ಮೂರಿನ ನೇಕಾರರ ಸಂಘವೊಂದಕ್ಕೆ ನಾನು ಬರೆದುಕೊಟ್ಟ ತಂತ್ರಾಂಶ ಅವರ ಕಚೇರಿಯ ಮೂಲೆಯ ಕಂಪ್ಯೂಟರಿನಲ್ಲಿ ಕೂತಿತ್ತು. ಉಳಿದ ಎರಡು ಮೇಜಿನ ಕಂಪ್ಯೂಟರುಗಳಲ್ಲಿ ಬ್ರೌಸರ್ ತೆರೆದರೆ ಅದು ಪುಟಪುಟವಾಗಿ ಕಾಣಿಸುತ್ತಿತ್ತು. ಯಾವ ಸೀರೆ ಯಾರ ಮಗ್ಗದಲ್ಲಿದೆ, ಯಾವಾಗ ಇಳಿಯುತ್ತದೆ, ಯಾವ ಲಡಿಗೆ, ಅಂದರೆ ರೇಷ್ಮೆ ನೂಲಿನ ಕಟ್ಟಿಗೆ, ಯಾವ ಬಣ್ಣ ಎಂಬುದನ್ನೆಲ್ಲ ಅದು ಹೇಳಬೇಕು. ಬಣ್ಣ ಹಾಕುವವನಿಗೆ ಪ್ರತಿದಿನ ಬೆಳಿಗ್ಗೆ ಚೀಟಿ ಮುದ್ರಿಸಿ ಕೊಡಬೇಕು.

ತಂತ್ರಾಂಶದ ಜೊತೆಗೆ ನಾನೊಂದು ಬಣ್ಣದ ಪಟ್ಟಿಯನ್ನೂ ಕೊಟ್ಟಿದ್ದೆ: ಕೆಂಪು, ಹಳದಿ, ಹಸಿರು, ಹೀಗೆ ಹನ್ನೆರಡು. ರೇಷ್ಮೆಯ ಊರಿಗೆ ಹನ್ನೆರಡು ಬಣ್ಣ ಸಾಕೆಂದು ನಂಬಿದ್ದ ನನ್ನ ಧೈರ್ಯವನ್ನು ಈಗ ನೆನೆದರೆ ನನಗೇ ಬೆರಗಾಗುತ್ತದೆ. ಸಂಘದ ಕಾರ್ಯದರ್ಶಿ ನಾಗಭೂಷಣಪ್ಪನವರು, ಮನೆಯಲ್ಲಿ ತೆಲುಗು ಕಚೇರಿಯಲ್ಲಿ ಕನ್ನಡ ಆಡುವ, ಅರವತ್ತು ಸಮೀಪಿಸಿದ ಹಿರಿಯರು, ನನ್ನ ಪಟ್ಟಿಯನ್ನು ನೋಡಿ ನಕ್ಕು, ಬೇಕಾದಂತೆ ಬದಲಾಯಿಸಿಕೊಳ್ಳಲು ನಾನು ಬಿಟ್ಟಿದ್ದ ಪುಟವೊಂದನ್ನು ಹಿಡಿದು ಕೂತರು. ನನ್ನ ಹನ್ನೆರಡನ್ನೂ ಅಳಿಸಿ, ಒಂದೇ ಬೆರಳಿನಲ್ಲಿ, ಎರಡು ವರ್ಷಗಳ ಕಾಲ, ತಮ್ಮವನ್ನು ಒಂದೊಂದಾಗಿ ಸೇರಿಸಿದರು: ಉಲ್ಲಿಪೊರ, ಅಂದರೆ ಈರುಳ್ಳಿ ಸಿಪ್ಪೆಯ ತಿಳಿ ಬಣ್ಣ, ವಂಗಪಂಡು, ಅಂದರೆ ಬದನೆಕಾಯಿಯದು, ನವಿಲಿನ ಕೊರಳು, ಮಾವಿನ ಚಿಗುರು, ಅರಿಶಿನ, ಚೆಂಡುಹೂವು. ಒಟ್ಟು ನಲವತ್ತೇಳು. ಭಾನುವಾರದ ರಜೆ ತೆಗೆದು ಅಮಾವಾಸ್ಯೆಯ ರಜೆ ಹಾಕಿದರು, ಏಕೆಂದರೆ ಅವತ್ತು ಅಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ನಾನು ಕಟ್ಟಿದ ಮನೆಯಲ್ಲಿ ಹೀಗೆ ಅವರು ಸಂಸಾರ ಹೂಡಿದ್ದರು. ಗೋಡೆ ನನ್ನದಾದರೂ ಗೋಡೆಯ ಮೇಲಿನ ಗೆರೆ ಅವರದಾಗಿತ್ತು.

ಎಲ್ಲರಿಗೂ ಇದು ಹಿತವಾಗಿರಲಿಲ್ಲ. ನಿರ್ದೇಶಕರಲ್ಲೊಬ್ಬರಾದ ವೀರಣ್ಣನವರು ಕಚೇರಿಗೆ ಬಂದಾಗಲೆಲ್ಲ, “ಪೆಟ್ಟಿಗಿ ಹೇಳಿದಂಗೆ ನೇಯ್ಬೇಕಂತೆ. ಇನ್ಮೇಲೆ ಸೀರಿ ಉಟ್ಕಳದೂ ಪೆಟ್ಟಿಗೀನೇ ಬಿಡ್ರಿ,” ಎನ್ನುತ್ತಿದ್ದರು. ಹೀಗೆ ಒಂದು ಸಲ ಮಾತು ಬೆಳೆದು, ಈ ಯಂತ್ರದಿಂದ ಒಂದೇ ಒಂದು ಬಣ್ಣದ ಚೀಟಿ ತಪ್ಪಿದರೂ ತಾವು ಕಾರ್ಯದರ್ಶಿಯ ಕುರ್ಚಿ ಬಿಡುವುದಾಗಿ ನಾಗಭೂಷಣಪ್ಪನವರು ಸಭೆಯಲ್ಲೇ ಹೇಳಿಬಿಟ್ಟಿದ್ದರು. ಆ ಮಾತು ಹೇಳಿದ್ದು ನನ್ನ ಪದವಿಯ ಮೇಲಿನ ಭರವಸೆಯಿಂದ.

ಅಂಥ ಹೊತ್ತಿನಲ್ಲಿ ನಾನು ತಂತ್ರಾಂಶದ ಹೊಸ ಆವೃತ್ತಿ ಸಿದ್ಧಪಡಿಸಿದೆ. ಪುಟಗಳು ಬೇಗ ತೆರೆಯುತ್ತಿದ್ದವು, ಹುಡುಕುವ ಸೌಲಭ್ಯ ಇತ್ತು. ನನಗೆ ನಾನೇ ಬೆನ್ನು ತಟ್ಟಿಕೊಳ್ಳಲು ಕೈ ಎಟುಕುತ್ತಿರಲಿಲ್ಲ, ಅಷ್ಟೆ. ಸಿ.ಡಿ.ಯನ್ನು ಅವ್ವ ಕಟ್ಟಿಕೊಟ್ಟ ಬುತ್ತಿಯ ಮೇಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿ, ತಳಕಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಮೊಳಕಾಲ್ಮೂರು ತಲುಪಿದೆ. ಆರ್ಡರುಗಳ ದಾಖಲೆಯನ್ನು ಮೊದಲು ನಕಲು ತೆಗೆದಿಟ್ಟುಕೊಂಡೆ. ಅಷ್ಟು ಜಾಗ್ರತೆ ನನಗಿತ್ತು. ಆಮೇಲೆ ಸಿ.ಡಿ.ಯಲ್ಲಿದ್ದ ಹೊಸ ಕಡತಗಳನ್ನು ಹಳೆಯವುಗಳ ಮೇಲೆ ಸುರಿದೆ. ಇದೇ ಹೆಸರಿನ ಕಡತ ಇಲ್ಲಿ ಮೊದಲೇ ಇದೆ, ಅದರ ಮೇಲೆ ಬರೆಯಲೇ ಎಂದು ಕಂಪ್ಯೂಟರು ವಿನಯದಿಂದ ಕೇಳಿತು. ಒಂದೊಂದಕ್ಕೂ ಉತ್ತರಿಸುವಷ್ಟು ವ್ಯವಧಾನವಿಲ್ಲದ ನಾನು ‘ಎಲ್ಲಕ್ಕೂ ಹೌದು’ ಎಂಬುದನ್ನು ಒತ್ತಿದೆ. ಸುಣ್ಣದ ಕುಂಚ ಹಿಡಿದ ಕೈಯೇ ಅದು. ನಡುವೆ ಎಷ್ಟೋ ವರ್ಷ ಕಳೆದಿತ್ತು, ಒಂದು ಪದವಿಯೂ ಸೇರಿತ್ತು, ಅಷ್ಟೇ ವ್ಯತ್ಯಾಸ. ಪುಟ ತೆರೆದು ನೋಡಿದೆ, ಆರ್ಡರುಗಳೆಲ್ಲ ಇದ್ದವು. ಸಂಜೆಯ ಬಸ್ಸಿಗೆ ಊರು ಸೇರಿದೆ.

ಮರುದಿನ ಬೆಳಿಗ್ಗೆ ಕೆಳಗಿನ ಗೊಬ್ಬರದ ಅಂಗಡಿಯ ಫೋನು ಬಡಿದುಕೊಂಡಿತು.

“ಏನಪ್ಪಾ, ನಮ್ಮ ಸೀರಿಗೆಲ್ಲ ನೀನೇ ಬಣ್ಣ ಆರಿಸೀಯಂತೆ?” ನಾಗಭೂಷಣಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ. “ನಲವತ್ತೇಳರಾಗೆ ಹನ್ನೆರಡು ಉಳ್ದಾವೆ. ಅವೂ ನಮ್ಮವಲ್ಲ. ಹನ್ನೊಂದು ಚೀಟಿ ನಾನು ಬರೋದ್ರೊಳಗೆ ಬಣ್ಣದ ಮನೆಗೆ ಹೋಗ್ಬಿಟ್ಟಾವೆ. ತಡ್ಯಕ್ಕೆ ಆಳು ಕಳ್ಸೀನಿ. ನೀನು ಬಾ.”

ಆದದ್ದೇನೆಂದರೆ, ಆರ್ಡರುಗಳಲ್ಲಿ ಇದ್ದದ್ದು ಬಣ್ಣದ ಸಂಖ್ಯೆ ಮಾತ್ರ. ಆ ಸಂಖ್ಯೆಯ ಹೆಸರು ಬೇರೊಂದು ಕಡತದಲ್ಲಿತ್ತು. ಅದರ ಮೇಲೆ ನನ್ನ ಹನ್ನೆರಡು ಬಣ್ಣಗಳ ಕಡತ ಹೋಗಿ ಕೂತಿತ್ತು. ಅವರ ಮೊದಲನೆಯದು ಉಲ್ಲಿಪೊರ, ನನ್ನ ಮೊದಲನೆಯದು ಕೆಂಪು. ಹನ್ನೆರಡು ಮೀರಿದ ಸಂಖ್ಯೆಗಳಿಗೆ ಹೆಸರೇ ಇಲ್ಲ. ಅವರ ಪಟ್ಟಿಯ ನಕಲು ನಾನು ತೆಗೆದಿರಲಿಲ್ಲ, ಅವರಲ್ಲೂ ಇರಲಿಲ್ಲ. ಬಣ್ಣದ ಬಾನಿಗೆ ಒಮ್ಮೆ ಇಳಿದ ರೇಷ್ಮೆಯನ್ನು ಹಿಂದಕ್ಕೆ ಕರೆಯುವ ಗುಂಡಿ ಯಾವ ಕೀಲಿಮಣೆಯಲ್ಲೂ ಇಲ್ಲ. ಆ ಬಸ್ಸಿನ ಪ್ರಯಾಣದಲ್ಲಿ ತಳಕು ಬಂದದ್ದು ಹೋದದ್ದು ನನಗೆ ಗೊತ್ತಾಗಲಿಲ್ಲ.

ನಾಗಭೂಷಣಪ್ಪನವರು ಬಸ್ ನಿಲ್ದಾಣದಲ್ಲೇ ನಿಂತಿದ್ದರು. ಅಲ್ಲಿಂದ ನೇರ ಊರಾಚೆಯ ಬಣ್ಣದ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಬಣ್ಣ ಹಾಕುವ ಪಾಲಯ್ಯ, ಉಗುರುಗಳಲ್ಲಿ ಎಂದೂ ಹೋಗದ ನೀಲಿ ತುಂಬಿಕೊಂಡ ಮುದುಕ, ಆರಿದ ಒಲೆಯ ಪಕ್ಕ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

“ಇದು ನಿಂದಾ ಕಿತಾಪತಿ?” ಎಂದು ಚೀಟಿ ಎತ್ತಿ ಹಿಡಿದ. “ಹಳದಿ ಅಂತ ಬರ್ದೀಯ. ಯಾವ ಹಳದಿ? ಅರಿಶಿನದ್ದಾ, ಚೆಂಡುಹೂವಿಂದಾ, ನಿಂಬೆಹಣ್ಣಿಂದಾ? ಬರೀ ಹಳದಿ ಅನ್ನೋದು ಈ ಊರಾಗೆ ಹುಟ್ಟೇ ಇಲ್ಲ. ಇವು ಐದರಾಗೆ ಬಣ್ಣಾನೇ ಇಲ್ಲ. ಖಾಲಿ ಬಣ್ಣ ಯಾವ ಅಂಗಡ್ಯಾಗೆ ಸಿಗುತ್ತಪ್ಪಾ? ಅದ್ಕೇ ಒಲಿ ಆರ್ಸಿ ಕುಂತೀನಿ.”

ನನ್ನ ಪಟ್ಟಿಯ ಬಡತನವೇ ಅವರ ರೇಷ್ಮೆಯನ್ನು ಉಳಿಸಿತ್ತು. ಪೂರ್ತಿಯಾಗಿ ಅಲ್ಲ. ಒಂದು ಚೀಟಿಯಲ್ಲಿ ಕೆಂಪು ಎಂದಿತ್ತು. ಕೆಂಪು ಎಂದರೆ ಅಲ್ಲಿ ಕುಂಕುಮಗೆಂಪೇ ಆದ್ದರಿಂದ ಪಾಲಯ್ಯ ಅನುಮಾನಿಸದೆ ಅದ್ದಿಬಿಟ್ಟಿದ್ದ. ಉಲ್ಲಿಪೊರವಾಗಬೇಕಿದ್ದ ಆ ಒಂದು ಲಡಿ ಗಳದ ಮೇಲೆ ಕೆಂಪಗೆ ನೇತಾಡುತ್ತ ನನ್ನನ್ನೇ ನೋಡುತ್ತಿತ್ತು. ನಾಗಭೂಷಣಪ್ಪನವರು ಅದನ್ನು ಮುಟ್ಟಿ ನೋಡಿ, “ಇದೊಂದು ಸಾಕು ವೀರಣ್ಣಂಗೆ,” ಎಂದಷ್ಟೇ ಹೇಳಿದರು. ನಿರ್ದೇಶಕರ ಮುಂದಿನ ಸಭೆಗೆ ಮೂರು ದಿನ ಉಳಿದಿತ್ತು.

ನಲವತ್ತೇಳು ಬಣ್ಣಗಳನ್ನು ಅವುಗಳ ಸಂಖ್ಯೆಯ ಸಮೇತ ಎಲ್ಲಿಂದ ತರುವುದು? ಹೆಸರುಗಳು ಅವರ ನೆನಪಿನಲ್ಲಿದ್ದವು, ಯಾವ ಹೆಸರಿಗೆ ಯಾವ ಸಂಖ್ಯೆ ಎಂಬುದು ಇರಲಿಲ್ಲ. ಒಂದು ಸಂಖ್ಯೆ ಜಾರಿದರೂ ಮಗ್ಗದ ಮೇಲಿನ ಆರ್ಡರು ಹಾಳು. ನಾನು ತಲೆ ತಗ್ಗಿಸಿ ಕೂತಿದ್ದಾಗ ಕಣ್ಣಿಗೆ ಬಿದ್ದದ್ದು ಪಾಲಯ್ಯನ ಗೋಡೆಯ ತಂತಿ. ಎರಡು ವರ್ಷದ ಚೀಟಿಗಳನ್ನು ಅವನು ತಂತಿಗೆ ಚುಚ್ಚಿಟ್ಟಿದ್ದ. ಪ್ರತಿಯೊಂದು ಚೀಟಿಯ ಮೂಲೆಗೂ ಅವತ್ತು ಅದ್ದಿದ ರೇಷ್ಮೆಯ ಒಂದು ಗೇಣು ಎಳೆ ಕಟ್ಟಿದ್ದ. ಯಾಕೆಂದು ಕೇಳಿದೆ.

“ಬಣ್ಣ ಹಿಂಗಿರ್ಲಿಲ್ಲ ಅಂತ ನಾಳೆ ಯಾರಾದ್ರೂ ತಗಾದೆ ತೆಗೀತಾರೆ. ಆಗ ತೋರ್ಸಕ್ಕೆ. ನಮ್ಮಪ್ಪನೂ ಕಟ್ತಿದ್ದ.”

ಚೀಟಿಯಲ್ಲಿ ಸಂಖ್ಯೆ ಇತ್ತು, ಹೆಸರು ಇತ್ತು, ಹೆಸರಿನ ಮೇಲೆ ಅನುಮಾನ ಬಂದರೆ ಎಳೆ ಇತ್ತು. ಎರಡು ಹಗಲು ನಾವು ಮೂವರು ಆ ತಂತಿಯನ್ನು ಬಿಚ್ಚಿ ಚಾಪೆಯ ಮೇಲೆ ಹರಡಿಕೊಂಡು ಕೂತೆವು. ಬಣ್ಣದ ನೀರು ಬಿದ್ದು ಹೆಸರು ಮಾಸಿದ್ದ ಮೂವತ್ತೊಂದನೆಯ ಬಣ್ಣದ ಚೀಟಿಯ ಬಗ್ಗೆ ಹಿರಿಯರಿಬ್ಬರಿಗೂ ತೆಲುಗಿನಲ್ಲಿ ಜಗಳವಾಯಿತು. ಅದು ನೇರಳೆಯೆಂದು ನಾಗಭೂಷಣಪ್ಪ, “ಕಾದು ಸ್ವಾಮೀ, ಅದಿ ವಂಗಪಂಡು,” ಅಲ್ಲ, ಅದು ಬದನೆಕಾಯಿಯದು ಎಂದು ಪಾಲಯ್ಯ. ಎಳೆಯನ್ನು ಬಿಸಿಲಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದ ಮೇಲೆ ಬದನೆಕಾಯಿಯೇ ಗೆದ್ದಿತು. ನಲವತ್ತಾರು ಸಿಕ್ಕವು. ಕೊನೆಯದಕ್ಕೆ ಮಾತ್ರ ಎಷ್ಟು ಹುಡುಕಿದರೂ ಚೀಟಿ ಸಿಗಲಿಲ್ಲ.

“ಅದಕ್ಕೆ ಚೀಟಿ ಇರಲ್ಲ ಬಿಡು,” ಎಂದರು ನಾಗಭೂಷಣಪ್ಪನವರು, ಬೇರೆಲ್ಲೋ ನೋಡುತ್ತ. “ಹಸಿ ಹುಣಸೆಕಾಯಿ ಬಣ್ಣ ಅಂತ ಬರ್ಕೋ. ನಮ್ಮ ಮನೆಯಾಕಿ ಧಾರೆ ಸೀರಿದು. ಈಗ ಯಾರೂ ಕೇಳಲ್ಲ. ಸುಮ್ನೆ ಇರ್ಲಿ ಅಂತ ಸೇರ್ಸಿದ್ದೆ.”

ಪಾಲಯ್ಯ ಬೀಡಿ ತೆಗೆದು ನಕ್ಕ. ನನಗೆ ನಗು ಬರಲಿಲ್ಲ. ಗ್ರಾಹಕರ ಸೆಟ್ಟಿಂಗು ಎಂದು ನಾನು ಈ ಪಟ್ಟಿಯ ಸಣ್ಣ ಕಡತಕ್ಕೆ ಹೆಸರಿಟ್ಟಿದ್ದೆ. ಯಾರೂ ಕೇಳದ, ಯಾವ ಚೀಟಿಗೂ ಬಾರದ, ಒಬ್ಬ ಮನುಷ್ಯನಿಗೆ ಮಾತ್ರ ಬೇಕಾದ ಒಂದು ಬಣ್ಣ ಅದರಲ್ಲಿ ಕೂತಿರಬಹುದೇ ಎಂದು ನನ್ನನ್ನು ಯಾವ ಪರೀಕ್ಷೆಯಲ್ಲೂ ಯಾರೂ ಕೇಳಿರಲಿಲ್ಲ. ಅದನ್ನೂ ಬರೆದುಕೊಂಡೆ, ಉಳಿದವಕ್ಕಿಂತ ನಿಧಾನವಾಗಿ, ಎರಡು ಸಲ ಓದಿ.

ಸಭೆಯ ದಿನ ನಾಗಭೂಷಣಪ್ಪನವರು ಕೆಂಪು ಲಡಿಯನ್ನು ತಾವೇ ತಂದು ಮೇಜಿನ ಮೇಲಿಟ್ಟು, “ಒಂದು ತಪ್ಪೈತೆ. ಮಾತು ಕೊಟ್ಟಿದ್ದೆ, ಕುರ್ಚಿ ಬಿಡ್ತೀನಿ,” ಎಂದು ಎದ್ದರು. ನಾನೂ ಎದ್ದೆ. ತಪ್ಪು ಅವರದಲ್ಲ, ಯಂತ್ರದ್ದೂ ಅಲ್ಲ, ಕೇಳಿದ ಪ್ರಶ್ನೆಯನ್ನು ಓದದೆ ಉತ್ತರ ಕೊಟ್ಟ ನನ್ನದು ಎಂದೆ. ವೀರಣ್ಣನವರು ಲಡಿಯನ್ನು ಎತ್ತಿ ಬೆಳಕಿಗೆ ಹಿಡಿದರು.

“ಬಣ್ಣ ಚಂದ ಕುಂತೈತೆ, ಯಾವ್ದಾದ್ರೂ ಅಂಚಿಗೆ ಹಾಕ್ರಿ,” ಎಂದರು. “ಓದ್ದೋರು ನಂದೇ ತಪ್ಪು ಅಂದಿದ್ದು ನಾನು ಇವತ್ತೇ ಕೇಳಿದ್ದು. ಕುಂತ್ಕಳ್ರಿ ನಾಗಭೂಷಣಪ್ಪ, ನಿಮ್ ಕುರ್ಚಿ ಯಾರಿಗೆ ಬೇಕು. ಆದ್ರೆ ಇನ್ನೊಂದು ಸಲ ಇವ್ನು ಹೊಸಾದು ಹಾಕೋವಾಗ ಪಾಲಯ್ಯ ಪಕ್ಕದಾಗೆ ಇರ್ಬೇಕು.”

ಊರಿಗೆ ಬಂದವನೇ ನಾನು ತಂತ್ರಾಂಶವನ್ನು ಎರಡು ಭಾಗ ಮಾಡಿದೆ. ನನ್ನದು ಒಂದು ಕೋಣೆ, ಗ್ರಾಹಕರದು ಬೇರೊಂದು. ಹೊಸ ಆವೃತ್ತಿ ನನ್ನ ಕೋಣೆಯನ್ನು ಕೆಡವಿ ಕಟ್ಟಬಹುದು, ಅವರ ಕೋಣೆಯ ಹೊಸ್ತಿಲು ದಾಟಕೂಡದು. ಮೊದಲು ಅವರ ಬರಹವನ್ನು ಓದು, ಅಲ್ಲಿ ಇಲ್ಲದಿದ್ದರೆ ಮಾತ್ರ ನನ್ನದಕ್ಕೆ ಬಾ ಎಂದು ಅದಕ್ಕೆ ಕಲಿಸಿದೆ. ಹೊಸ ಸೌಲಭ್ಯಕ್ಕೆ ಹೊಸ ಸಾಲು ಬೇಕಾದರೆ ಅವರ ಪಟ್ಟಿಯ ಕೊನೆಗೆ ಸೇರಿಸು, ಇರುವ ಸಾಲನ್ನು ಮುಟ್ಟಬೇಡ ಎಂದೆ. ಇದರಲ್ಲಿ ಮಹಾ ಪಾಂಡಿತ್ಯವೇನೂ ಇಲ್ಲ. ಗೋಡೆಯ ಬುಡದ ಒಂದು ಮೊಳವನ್ನು ಬಿಟ್ಟು ಸುಣ್ಣ ಬಳಿಸುತ್ತಿದ್ದ ಅವ್ವ ಇದನ್ನು ನನಗೆ ಪ್ರತಿ ಯುಗಾದಿಗೂ ಕಣ್ಣೆದುರೇ ಕಲಿಸಿದ್ದಳು. ನಾನು ಪ್ರಮಾಣಪತ್ರ ಕೊಡುವವರಿಂದ ಮಾತ್ರ ಕಲಿಯುವವನಾಗಿದ್ದೆ.

ಮುಂದಿನ ಆವೃತ್ತಿ ಹಾಕಿದ ದಿನ ಪಾಲಯ್ಯ ಚಪ್ಪಲಿ ಹೊರಗೆ ಬಿಟ್ಟು ಕಚೇರಿಯೊಳಗೆ ಬಂದು, ನನ್ನ ಬೆನ್ನಿಗೆ ಕುರ್ಚಿ ಹಾಕಿಕೊಂಡು ಕೂತ. ಕಡತಗಳ ಮೇಲೆ ಬರೆಯಲೇ ಎಂದು ಕಂಪ್ಯೂಟರು ಕೇಳಿದಾಗ ನಾನು ಒಂದೊಂದನ್ನೂ ಓದಿ ಉತ್ತರಿಸಿದೆ. ಮುಗಿದ ಮೇಲೆ ಹಳೆಯ ಆರ್ಡರೊಂದರ ಚೀಟಿಯನ್ನು ಹೊಸದಾಗಿ ಮುದ್ರಿಸಿದೆವು. ಪಾಲಯ್ಯ ಜೇಬಿನಿಂದ ಅದೇ ಆರ್ಡರಿನ ಹಳೇ ಚೀಟಿ ತೆಗೆದು, ತನಗೆ ಅಕ್ಷರ ನಿಧಾನವಾದ್ದರಿಂದ ನಾಗಭೂಷಣಪ್ಪನವರಿಂದ ಓದಿಸಿ, ಎಳೆಯನ್ನು ಹೆಸರಿನ ಮೇಲೆ ಎಳೆದು ಹಿಡಿದ. ಅಮಾವಾಸ್ಯೆಯ ರಜೆ ಇದೆಯೇ ಎಂದು ಕೇಳಿದ. ಇತ್ತು. ನಲವತ್ತೇಳನೆಯದು ಇದೆಯೇ ಎಂದು ನಾಗಭೂಷಣಪ್ಪನವರು ಕೇಳಲಿಲ್ಲ. ನಾನೇ ತೆರೆದು ತೋರಿಸಿದೆ.

“ಐತೆ, ಬಿಡು,” ಎಂದು ಪಾಲಯ್ಯ ಎದ್ದು ಹೋದ. ನನ್ನ ಪದವಿ ಪ್ರದಾನ ಸಮಾರಂಭಕ್ಕೆ ನಾನು ಹೋಗಿರಲಿಲ್ಲ, ಪ್ರಮಾಣಪತ್ರ ಅಂಚೆಯಲ್ಲಿ ಬಂದಿತ್ತು. ಆ ಕೊರತೆ ಅವತ್ತು ತುಂಬಿತು. ಅಂದಿನಿಂದ ಇಂದಿನವರೆಗೆ ಯಾವ ಗ್ರಾಹಕರ ಒಂದು ಸಾಲೂ ನನ್ನ ಕೈಯಲ್ಲಿ ಅಳಿದಿಲ್ಲ. ಇದನ್ನು ನಾನು ವಿನಯವಿಲ್ಲದೆ ಹೇಳುತ್ತೇನೆ.

ಆ ಕೆಂಪು ಲಡಿ ಒಂದು ಸೀರೆಯ ಅಂಚಿಗೆ ಹೋಯಿತು. ಹೋಗುವ ಮುನ್ನ ಪಾಲಯ್ಯನನ್ನು ಕೇಳಿ ಒಂದು ಗೇಣು ಎಳೆ ತೆಗೆದುಕೊಂಡಿದ್ದೆ. ಬಹಳ ದಿನ ಪರ್ಸಿನಲ್ಲಿದ್ದ ಅದನ್ನು ಮೊನ್ನೆ ಸೈಕಲ್ ರಿಪೇರಿಗೆ ಬಿಡುವಾಗ ಸೀಟಿನ ಕೆಳಗಿನ ಕೊಳವೆಗೆ, ನನ್ನ ಕಾಲಿಗೆ ಸರಿಯಾದ ಎತ್ತರದಲ್ಲಿ, ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದೆ. ಬಾಯಿಬಿಟ್ಟು ಹೇಳಲು ಈಗಲೂ ಸಂಕೋಚವೇ. ಮೆಹಬೂಬ್ ಸಾಬರು ದಾರವನ್ನು ನೋಡಿದರು, ನನ್ನ ಕಾಲನ್ನು ನೋಡಿದರು, ತಮ್ಮ ಕಾಲನ್ನೂ ನೋಡಿಕೊಂಡರು.

“ಇಷ್ಟು ದಿನ ಹೇಳ್ಬಾರ್ದಾ ಸಾರ್?” ಎಂದರು. “ಬೇರಿಂಗು ನಂದು, ಸೀಟು ನಿಮ್ದು. ಮಾಲೂಮ್ ಆತು, ತಿಳೀತು ಬಿಡ್ರಿ.”

ಸಂಜೆ ಹೋದಾಗ ಸೈಕಲ್ಲು ತೊಳೆದು ನಿಲ್ಲಿಸಿತ್ತು. ಸೀಟು ದಾರದ ಗೆರೆಗೆ ಸರಿಯಾಗಿ ಕೂತಿತ್ತು. ಪಕ್ಕದಲ್ಲಿ ರಿಪೇರಿಗೆ ಸರದಿ ಕಾಯುತ್ತಿದ್ದ ಇನ್ನೂ ಮೂರು ಸೈಕಲ್ಲುಗಳ ಸೀಟಿನ ಕೊಳವೆಗೆ, ಅವುಗಳ ಒಡೆಯರು ಯಾರೂ ಕೇಳದಿದ್ದರೂ, ಒಂದೊಂದು ಹಳೇ ಟ್ಯೂಬಿನ ರಬ್ಬರು ಸುತ್ತಲಾಗಿತ್ತು, ಒಂದೊಂದೂ ಬೇರೆ ಬೇರೆ ಎತ್ತರದಲ್ಲಿ.